ಬಾಟಲಿ ಸೇರಿದ ನಾಲ್ಕು ಹಣ್ಣು

ಮೊದಲು ನನಗೆ ಹಿಡಿದಿದ್ದು ಬಿಯರ್ ಹುಚ್ಚು. ಆದರೆ ನಮ್ಮಲ್ಲಿ ಪರವಾನಗಿ ಇಲ್ಲದೆ ಮನೆಯಲ್ಲಿ ಮದ್ಯ ಮಾಡುವ ಹಾಗಿಲ್ಲ, 1965ರ ಕರ್ನಾಟಕ ಅಬಕಾರಿ ಕಾಯ್ದೆ ಅಡ್ಡ ಬರುತ್ತದೆ. ಅದಕ್ಕಿಂತ ದೊಡ್ಡ ಕಾಯ್ದೆ ಅಮ್ಮ. ಹಾಗಾಗಿ ಶುಂಠಿ ಸೋಡಾಕ್ಕೆ ಬಂದು ನಿಂತೆ. ಸಾಗರದ ಸೀಮೆಯಲ್ಲಿದ್ದು ಶುಂಠಿಗೆ ಪೇಟೆಗೆ ಓಡುವವರು ಯಾರಿದ್ದಾರೆ? ರಿಗೋಡಿ ತಳಿಯೋ ಹಿಮಾಚಲ ತಳಿಯೋ, ಅಕ್ಕಪಕ್ಕದ ಯಾರ ಮನೆಯಲ್ಲಾದರೂ ಒಂದು ಚೀಲ ಬಿದ್ದೇ ಇರುತ್ತದೆ.

ಇದಕ್ಕೆ ಮೊದಲು ಹೆಪ್ಪು ಬೇಕು. ಮಣ್ಣು ಹೋಗುವಷ್ಟು ಮಾತ್ರ ಶುಂಠಿ ತೊಳೆದು, ಸಿಪ್ಪೆ ಸಮೇತ ತುರಿದು, ನೀರು ಸಕ್ಕರೆ ಜೊತೆ ಗಾಜಿನ ಭರಣಿಗೆ ಹಾಕಿ ಬಾಯಿಗೆ ಬಟ್ಟೆ ಕಟ್ಟಬೇಕು. ಆಮೇಲೆ ದಿನಾ ಒಂದು ಚಮಚ ತುರಿ, ಒಂದು ಚಮಚ ಸಕ್ಕರೆ. ಕೆಲಸ ಮಾಡುವ ಯೀಸ್ಟ್ ಇರುವುದೇ ಸಿಪ್ಪೆಯಲ್ಲಿ. ಚೆಂದ ಕಾಣಲಿ ಅಂತ ಸಿಪ್ಪೆ ಹೆರೆದರೆ ಯೀಸ್ಟೂ ಕಸದ ಜೊತೆ ಹೋಗುತ್ತದೆ. ಬಾವಿ ನೀರಾದರೆ ಚಿಂತೆಯಿಲ್ಲ. ಪೇಟೆಯ ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದಲ್ವಾ, ಅದನ್ನು ಕುದಿಸಿ ಆರಿಸಿಕೊಳ್ಳಬೇಕು. ಮೇ ತಿಂಗಳ ಸೆಕೆಯಲ್ಲಿ ನನ್ನ ಭರಣಿ ವಾರದೊಳಗೆ ಎದ್ದಿತು. ಕಿವಿ ಹತ್ತಿರ ಹಿಡಿದರೆ ಒಳಗೆ ಚಿರಚಿರ ಸದ್ದು. ತುರಿಯೆಲ್ಲ ಮೇಲೆ ತೇಲಿ, ಮಧ್ಯದಿಂದ ಸಣ್ಣ ಸಣ್ಣ ಗುಳ್ಳೆ ಬರುತ್ತಿತ್ತು.

“ಎಂತದು ಮಾರಾಯ ಇದು? ಕಳ್ಳು ಇಳಿಸ್ತಾ ಇದೀಯಾ?” ಅಂದಳು ಅಮ್ಮ.

ಒಂದು ಲೀಟರ್ ಸಿಹಿ ರಸಕ್ಕೆ ಸುಮಾರು ಕಾಲು ಲೋಟ ಹೆಪ್ಪಿನ ನೀರು ಸೋಸಿ ಹಾಕಿದರೆ ಆಯಿತು. ಪ್ರಶ್ನೆ ಇದ್ದದ್ದು ರಸ ಯಾವುದರದು ಅಂತ. ಆಗ ಮನೆಗೆ ಬಂದಿದ್ದ ಚಿಕ್ಕಪ್ಪನಿಗೆ ಅನುಮಾನವೇ ಇರಲಿಲ್ಲ. “ಹಲಸಿನ ಹಣ್ಣು ಹಾಕು. ಅದರ ಸಿಹಿ ಮುಂದೆ ಬೇರೆ ಎಂತ ಇದೆ?” ಹಿತ್ತಿಲಲ್ಲಿ ಮೆತ್ತನೆ ತೊಳೆಯ ಅಂಬಲಿ ಹಲಸು ದಂಡಿಯಾಗಿ ಬೀಳುತ್ತಿತ್ತು, ತೊಳೆಗಳನ್ನು ಕಿವುಚಿ ರಸ ತೆಗೆದೆ. ಸೊರಬದ ಕಡೆಯಿಂದ ಬಂದ ಅನಾನಸ್ ಇತ್ತು. ನೇರಳೆ ಮರದ ಬುಡದಲ್ಲಿ ಹಣ್ಣು ಉದುರಲು ಶುರುವಾಗಿತ್ತು. ಬೆಟ್ಟದಿಂದ ತಂದ ಮುರುಗಲು, ಅಂದರೆ ಪುನರ್ಪುಳಿ ಹಣ್ಣಂತೂ ಬುಟ್ಟಿಯಲ್ಲಿ ಮೆತ್ತಗಾಗುತ್ತಾ ಕೂತಿತ್ತು. ನಾಲ್ಕಕ್ಕೂ ಒಂದೊಂದು ಬಾಟಲಿ.

ಬಾಟಲಿ ವಿಷಯ ಹೇಳಲೇಬೇಕು. ಯೀಸ್ಟ್ ಸಕ್ಕರೆ ತಿಂದು ಗಾಳಿ ಬಿಡುತ್ತದೆ, ಆ ಗಾಳಿಗೆ ಹೋಗಲು ದಾರಿ ಇಲ್ಲದಿದ್ದರೆ ಗಾಜು ಒಡೆದು ಚೂರಾಗಬಹುದು. ಅದಕ್ಕೇ ನಾನು ತಂಪು ಪಾನೀಯದ ಖಾಲಿ ಪ್ಲಾಸ್ಟಿಕ್ ಬಾಟಲಿ ತೊಳೆದು ಬಳಸಿದೆ. ಒತ್ತಿ ನೋಡಿದರೆ ಗೊತ್ತಾಗುತ್ತದೆ: ಮೆತ್ತಗಿದ್ದರೆ ಇನ್ನೂ ಆಗಿಲ್ಲ, ಕಲ್ಲಿನಂತಾದರೆ ಸೀದಾ ಫ್ರಿಜ್‌ಗೆ. ಚಿಕ್ಕಪ್ಪ ಗೋಲಿ ಸೋಡಾ ಬಾಟಲಿ ಹುಡುಕು ಅಂದ. ಇಂಗ್ಲೆಂಡಿನ ಹೈರಮ್ ಕಾಡ್ 1872ರಲ್ಲಿ ಪೇಟೆಂಟ್ ಮಾಡಿಸಿದ ಆ ಬಾಟಲಿಯಲ್ಲಿ ಒಳಗಿನ ಗಾಳಿಯೇ ಗೋಲಿಯನ್ನು ಕತ್ತಿನ ರಬ್ಬರ್ ಬಳೆಗೆ ಒತ್ತಿ ಮುಚ್ಚುತ್ತದೆ. ಬುದ್ಧಿವಂತ ಬಾಟಲಿ, ಆದರೆ ಅದೂ ಗಾಜೇ. ನನಗೆ ಅಷ್ಟು ಧೈರ್ಯ ಇಲ್ಲ.

ಎರಡು ದಿನ ಬಿಟ್ಟು ಸಂಜೆ ಬಚ್ಚಲಲ್ಲಿ ಎಲ್ಲರ ಎದುರು ಬಾಟಲಿ ತೆರೆದೆ.

ಅನಾನಸ್ ಮೊದಲು. ಅದನ್ನು ನಾನು ಸರಿಯಾಗಿ ಸೋಸಿರಲಿಲ್ಲ, ನಾರು ಹಾಗೇ ಇರಲಿ ಅಂತ ಬಿಟ್ಟಿದ್ದೆ. ಆ ನಾರೆಲ್ಲ ಮೇಲೆ ಬಂದು ಬಾಟಲಿ ಕತ್ತಿನಲ್ಲಿ ಬೆರಳು ದಪ್ಪ ಗಟ್ಟಿಯಾಗಿ ಕೂತಿತ್ತು. ಮುಚ್ಚಳ ಅರ್ಧ ಸುತ್ತು ತಿರುಗಿಸಿದೆ, ಬುಸ್ಸೆಂದಿತು. ಇನ್ನರ್ಧ ಸುತ್ತಿಗೆ ನಾರಿನ ಗಟ್ಟಿ ಹೊರಗೆ ಹಾರಿತು, ಹಿಂದೆಯೇ ನೊರೆ. ಅಜ್ಜಿ ತಲೆ ಎತ್ತಿ ನೋಡಿ ಮತ್ತೆ ತನ್ನ ಕೆಲಸ ಮುಂದುವರಿಸಿದಳು. ತಿರುಳಿನ ಸಣ್ಣ ಕಣಗಳ ಸುತ್ತ ಗುಳ್ಳೆ ಬೇಗ ಕಟ್ಟುವುದರಿಂದ ಹೀಗಾಗುತ್ತದೆ. ಉಳಿದ ಅರ್ಧ ಬಾಟಲಿ ಮಾತ್ರ ಚೆನ್ನಾಗಿತ್ತು. ಹುಳಿ, ಖಾರ, ಪರಿಮಳ, ಮೂರೂ ಇತ್ತು.

ನೇರಳೆ ಹಣ್ಣಿನದಕ್ಕೆ ಬೀಜ ತೆಗೆದು ಸಿಪ್ಪೆ ಸಮೇತ ಹಿಸುಕಿದ್ದೆ. ಲೋಟಕ್ಕೆ ಬಗ್ಗಿಸಿದರೆ ಕೆಂಪು ಬಣ್ಣ, ಮೇಲೆ ಗುಲಾಬಿ ನೊರೆ. ನೋಡುತ್ತಾ ಕೂರಬೇಕು ಅನ್ನಿಸುವಂಥದ್ದು. ಕುಡಿದರೆ ಒಗರು ನಾಲಿಗೆ ಎಳೆಯಿತು. ಅಮ್ಮನಿಗೆ ಇಷ್ಟವಾಯಿತು, ನನಗೆ ಅರ್ಧ ಲೋಟ ಸಾಕಾಯಿತು. ಚಿಕ್ಕಪ್ಪನ ಬಿಳಿ ಪಂಚೆಗೆ ಬಿದ್ದ ಕಲೆ ಇವತ್ತಿಗೂ ಹೋಗಿಲ್ಲವಂತೆ.

ಇನ್ನು ಹಲಸು. ಮೂಗಿಗೆ ಹಿಡಿದರೆ ಇಡೀ ಹಿತ್ತಿಲೇ ಬಂದ ಹಾಗೆ ಘಮ. ಬಾಯಿಗೆ ಇಟ್ಟರೆ ಏನೂ ಇಲ್ಲ. ಚಿಕ್ಕಪ್ಪ ಎರಡನೇ ಗುಟುಕು ಕುಡಿದು ಲೋಟ ಕೆಳಗಿಟ್ಟ.

“ಹಣ್ಣು ಎಲ್ಲಿಗೆ ಹೋಯ್ತೋ?”

ಯೀಸ್ಟ್ ತಿಂದಿತ್ತು. ಹಲಸಿನ ಜೋರೆಲ್ಲ ಸಿಹಿಯಲ್ಲಿ, ಯೀಸ್ಟ್ ಮೊದಲು ಕೈ ಹಾಕುವುದೂ ಸಿಹಿಗೇ. ಸಿಹಿ ಕರಗಿದ ಮೇಲೆ ಬೆನ್ನಿಗೆ ನಿಲ್ಲಲು ಅದಕ್ಕೆ ಹುಳಿಯೂ ಇಲ್ಲ, ಒಗರೂ ಇಲ್ಲ. ಅನಾನಸ್‌ಗೆ ಹುಳಿ ಉಳಿಯಿತು, ನೇರಳೆಗೆ ಒಗರು. ತಿನ್ನಲು ರುಚಿಯಾದದ್ದು ಬಾಟಲಿಗೂ ಆಗುತ್ತದೆ ಅಂತೇನಿಲ್ಲ. ಸುಮ್ನೆ ತಿಂದರೆ ಮುಖ ಕಿವುಚಿಕೊಳ್ಳುವ ಹಣ್ಣೇ ಇಲ್ಲಿ ನಿಲ್ಲುತ್ತದೆ.

ಹಾಗಾದರೆ ಮುರುಗಲು ಎಲ್ಲಕ್ಕಿಂತ ಮೇಲೆ ಬರಬೇಕಿತ್ತು. ಆದರೆ ಅದರ ಬಾಟಲಿ ಇನ್ನೂ ಮೆತ್ತಗೇ ಇತ್ತು. ಹುಳಿ ವಿಪರೀತ ಆದರೆ ಯೀಸ್ಟೂ ನಿಧಾನವಾಗುತ್ತದೆ, ಜೊತೆಗೆ ಮುರುಗಲಿನಲ್ಲಿ ಅದಕ್ಕೆ ತಿನ್ನಲು ಇರುವುದೂ ಅಷ್ಟಕ್ಕಷ್ಟೆ. ಪಾನಕಕ್ಕೆ ಹಾಕುವಷ್ಟು ಸಕ್ಕರೆ, ಸ್ವಲ್ಪ ನೀರು, ಇನ್ನೊಂದು ಚಮಚ ಹೆಪ್ಪು ಸೇರಿಸಿ ಮತ್ತೆ ಮುಚ್ಚಿದೆ. ಅಷ್ಟರಲ್ಲಿ ಮಳೆ ಹಿಡಿದು ಚಿಕ್ಕಪ್ಪನ ಬಸ್ಸೂ ತಪ್ಪಿತು. ಮರುದಿನ ಸಂಜೆಗೆ ಬಾಟಲಿ ಬಿಗಿಯಾಯಿತು. ಒಂದು ರಾತ್ರಿ ಫ್ರಿಜ್‌ನಲ್ಲಿಟ್ಟು, ಊಟದ ಜೊತೆ ತೆರೆದೆವು. ಕಡುಗೆಂಪು, ಶುಂಠಿಯ ಖಾರ ಗಂಟಲಲ್ಲಿ, ಹುಳಿ ಕೆನ್ನೆಯಲ್ಲಿ. ಅಮ್ಮ ಒಂದು ಚಿಟಿಕೆ ಉಪ್ಪು, ಜೀರಿಗೆ ಪುಡಿ ಉದುರಿಸಿಕೊಂಡಳು. ಅದಾದ ಮೇಲೆ ನಾವೂ ಉದುರಿಸಿಕೊಂಡೆವು.

ಅಂದಹಾಗೆ ಇದರಲ್ಲೂ ಚೂರು ಆಲ್ಕೋಹಾಲ್ ಹುಟ್ಟುತ್ತದೆ, ಹೊರಗೆ ಹೆಚ್ಚು ದಿನ ಇಟ್ಟಷ್ಟೂ ಜಾಸ್ತಿ. ಅದಕ್ಕೇ ಬಾಟಲಿ ಬಿಗಿಯಾದ ಕೂಡಲೇ ಫ್ರಿಜ್, ಬೇಗ ಖಾಲಿ. ಮಕ್ಕಳಿಗೆ ನಾನು ಕೊಡುವುದಿಲ್ಲ.

ಈಗ ಮುರುಗಲಿಗೆ ಕಾಲು ಭಾಗ ಅನಾನಸ್ ರಸ ಬೆರೆಸುತ್ತೇನೆ, ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿ. ಯೀಸ್ಟ್‌ಗೂ ಹೊಟ್ಟೆ ತುಂಬುತ್ತದೆ, ಬಚ್ಚಲೂ ಉಳಿಯುತ್ತದೆ. ಚಿಕ್ಕಪ್ಪ ಫೋನ್ ಮಾಡಿದಾಗೆಲ್ಲ ಇನ್ನೂ ವಾದ ಬಿಟ್ಟಿಲ್ಲ. ಅಂಬಲಿ ಅಲ್ಲ, ಗಟ್ಟಿ ತೊಳೆಯ ಬಕ್ಕೆ ಹಲಸು ಹಾಕಬೇಕಿತ್ತಂತೆ.