ಎಲೆ ನೋಡಿ ಬೇರನ್ನು ಊಹಿಸಿದ ವರ್ಷ

ಜಡ್ಡಿಯಿಂದ, ಅಂದರೆ ಕಾಡಿನೊಳಗಿನ ಜೌಗು ನೆಲದಿಂದ, ತಂದ ಬೇರನ್ನು ಬಿಳಿ ತಟ್ಟೆಗೆ ಹಾಕಿ ನೀರು ಬಿಟ್ಟರೆ ಕೆಸರು ಬೇಗ ಬಿಡುತ್ತದೆ. ಆದರೆ ಕಿತ್ತಳೆ ಬಣ್ಣದ ಒಂದು ತೆಳು ಪದರ ಹಾಗೇ ಉಳಿದುಬಿಡುತ್ತದೆ. ಬೆರಳಲ್ಲಿ ಉಜ್ಜಿದರೆ ಬೆರಳು ಕೆಂಪಾಗುತ್ತದೆ, ಬೇರಿನ ಬಣ್ಣ ಮಾತ್ರ ಪೂರ್ತಿ ಹೋಗುವುದಿಲ್ಲ. ಮೊದಲ ವರ್ಷ ನಾನು ಅದನ್ನು ಅಂಟಿಕೊಂಡ ಮಣ್ಣು ಅಂದುಕೊಂಡೆ. ಬೇರು ತುಂಡಾದೀತು ಅಂತ ಜಾಸ್ತಿ ಉಜ್ಜದೆ, ಹಾಗೇ ಒಣಗಿಸಿ ತೂಗಿ ಬರೆದುಕೊಂಡೆ. ಆ ವರ್ಷ ಮಾಡಿದ ತಪ್ಪುಗಳಲ್ಲಿ ಇದು ಚಿಕ್ಕದು. ದೊಡ್ಡದು ಬೇರೆ ಇದೆ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಉಪಯೋಗ ಆಗಲಿ ಅಂತ ಎರಡನ್ನೂ ಬರೆಯುತ್ತಿದ್ದೇನೆ.

ನಾನು ಕೆಲಸ ಮಾಡುವುದು ಒಂದು ಸಂಶೋಧನಾ ಯೋಜನೆಯಲ್ಲಿ. ಜೌಗು ಕಾಡಿನ ಗಿಡಮರಗಳ ಎಲೆ ಮತ್ತು ಬೇರನ್ನು ಅಳೆದು, ಎರಡಕ್ಕೂ ಏನು ಸಂಬಂಧ ಅಂತ ನೋಡುವುದು ನಮ್ಮ ಕೆಲಸ. ಜಾಗ ಉತ್ತರ ಕನ್ನಡದ ಸಿದ್ದಾಪುರ ತಾಲೂಕಿನ ಕತ್ತಲೆಕಾನು. ಹೆಸರಿಗೆ ತಕ್ಕ ಕಾಡು ಅದು. ಮಧ್ಯಾಹ್ನ ಹನ್ನೆರಡಕ್ಕೂ ನೋಟ್‌ಬುಕ್ ಓದಲು ಟಾರ್ಚ್ ಬೇಕಾಗುತ್ತದೆ. ಕಣಿವೆಯ ತಗ್ಗಿನಲ್ಲಿ ಹಳ್ಳ ನಿಧಾನವಾಗಿ ಹರಡಿಕೊಳ್ಳುವ ಕಡೆ ರಾಂಪತ್ರೆ ಜಡ್ಡಿಗಳಿವೆ. ಜಾಯಿಕಾಯಿಯ ಬಳಗದ ಮರಗಳು ಕೆಸರಲ್ಲೇ ಬೇರೂರಿ ನಿಂತಿರುವ ಜೌಗು ಅವು. ಮಿರಿಸ್ಟಿಕ ಮ್ಯಾಗ್ನಿಫಿಕ ಎಂಬ ಮರ ಕಾಂಡದ ಬುಡದಿಂದ ಊರುಗೋಲಿನಂಥ ಬೇರುಗಳನ್ನು ಇಳಿಬಿಟ್ಟಿರುತ್ತದೆ. ಜಿಮ್ನಾಕ್ರಾಂಥೆರ ಎಂಬ ಇನ್ನೊಂದು ಮರದ ಬೇರು ಕೆಸರಿಂದ ಮೇಲೆದ್ದು, ಮೊಣಕಾಲಿನಂತೆ ಮಡಚಿ, ಮತ್ತೆ ಒಳಗೆ ಹೋಗುತ್ತದೆ. 2000 ರಲ್ಲಿ ವಿಜ್ಞಾನಕ್ಕೆ ಹೊಸದಾಗಿ ಪರಿಚಯವಾದ, ಗೇರಿನ ಬಳಗದ ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಮರಕ್ಕೆ ಹೆಸರು ಬಂದಿದ್ದು ಇದೇ ಊರಿನಿಂದ.

ಮೊದಲ ದಿನವೇ ನಾನು ಅಂಥ ಒಂದು ಮೊಣಕಾಲು ಬೇರಿನ ಮೇಲೆ ಕಾಲಿಟ್ಟು ಹಳ್ಳ ದಾಟಲು ಹೋದೆ. ಕೆಸರಿಗಿಂತ ಅದೇ ಗಟ್ಟಿಯಾಗಿ ಕಂಡಿತ್ತು. ಜೊತೆಗೆ ಬಂದಿದ್ದ ಊರಿನ ಅಣ್ಣ ತಕ್ಷಣ ತಡೆದರು. "ತಂಗೀ, ಅದ್ರ ಮೇಲೆ ಕಾಲಿಡಬೇಡ. ಮರ ಉಸಿರಾಡೋ ಜಾಗ ಅದು." ಅವರು ಓದಿ ಹೇಳಿದ ಮಾತಲ್ಲ, ನೋಡಿ ಹೇಳಿದ್ದು. ಆಕ್ಸಿಜನ್ ನೀರಿನಲ್ಲಿ ಹರಡುವ ವೇಗ ಗಾಳಿಯಲ್ಲಿ ಹರಡುವ ವೇಗದ ಸುಮಾರು 10,000 ದಲ್ಲಿ ಒಂದು ಪಾಲು ಅಷ್ಟೆ. ಕೆಸರಿನ ಒಳಗಿನ ಬೇರಿಗೆ ಗಾಳಿ ಮಣ್ಣಿನಿಂದ ಸಿಗುವುದಿಲ್ಲ, ಮೇಲಿಂದಲೇ ಇಳಿಯಬೇಕು. ಆ ಮೊಣಕಾಲುಗಳು ಅದಕ್ಕಾಗಿ. ಅಣ್ಣನ ಮಾತು ನನ್ನ ಕಿವಿಗೆ ಬಿತ್ತು. ಆದರೆ ಲೆಕ್ಕದೊಳಗೆ ಬರಲು ಒಂದು ವರ್ಷ ಹಿಡಿಯಿತು.

ನಾನು ಕಲಿತು ಬಂದಿದ್ದ ಪಾಠ ಎಲೆಯದ್ದು. ಎಲೆ ತೆಳ್ಳಗೆ, ಅಗಲವಾಗಿದ್ದರೆ ಗಿಡ ಕಡಿಮೆ ಖರ್ಚಿನಲ್ಲಿ ಬೇಗ ದುಡಿಯುತ್ತದೆ, ಎಲೆ ಬೇಗ ಉದುರುತ್ತದೆ. ಎಲೆ ದಪ್ಪ, ಬಿರುಸಾಗಿದ್ದರೆ ದುಡಿಮೆ ನಿಧಾನ, ಬಾಳಿಕೆ ಜಾಸ್ತಿ. 2004 ರಲ್ಲಿ ಇಯಾನ್ ರೈಟ್ ಮತ್ತು ಅವರ ಸಂಗಡಿಗರು 175 ಜಾಗಗಳ 2,548 ಜಾತಿಯ ಗಿಡಗಳನ್ನು ಒಟ್ಟಿಗೆ ಇಟ್ಟು ಇದನ್ನು ತೋರಿಸಿದರು. ಅಳೆಯುವುದೂ ಸುಲಭ. ಎಲೆಯ ಹರವನ್ನು ಅದರ ಒಣ ತೂಕದಿಂದ ಭಾಗಿಸಿದರೆ ಎಸ್‌ಎಲ್‌ಎ ಸಿಗುತ್ತದೆ. ಬೇರಿಗೂ ಹಾಗೇ ಒಂದು ಲೆಕ್ಕ ಇದೆ. ಒಂದು ಗ್ರಾಂ ಒಣ ಬೇರಿನಲ್ಲಿ ಎಷ್ಟು ಮೀಟರ್ ಉದ್ದ ಇದೆ ಅನ್ನುವುದು ಎಸ್‌ಆರ್‌ಎಲ್. ಚುರುಕು ಎಲೆಯ ಗಿಡಕ್ಕೆ ಸಣ್ಣ, ಹಗುರ, ಚುರುಕು ಬೇರು. ನಿಧಾನ ಎಲೆಯ ಮರಕ್ಕೆ ದಪ್ಪ, ಗಟ್ಟಿ ಬೇರು. ಕೇಳಲು ಎಷ್ಟು ಸರಿಯಾಗಿದೆ ಅಲ್ವಾ? ನಾನೂ ನಂಬಿದೆ.

ನಂಬಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಎಲೆ ತರುವುದು ಅರ್ಧ ಗಂಟೆಯ ಕೆಲಸ. ಬೇರು ಹಾಗಲ್ಲ. ಉಂಬಳ ಹತ್ತುವ ಕೆಸರಲ್ಲಿ ಕೂತು, ಬುಡದಿಂದ ಹಿಡಿದು ಕವಲು ಕವಲಾಗಿ ಬೆರಳಲ್ಲೇ ಹಿಂಬಾಲಿಸಿ, ತುದಿಯ ಎಳೆ ಬೇರು ಮುರಿಯದಂತೆ ಬಿಡಿಸಬೇಕು. ಹೀಗೆ ಹಿಂಬಾಲಿಸದೆ ಮಣ್ಣು ಅಗೆದು ತಂದರೆ ಅದು ಯಾವ ಮರದ ಬೇರು ಅಂತಲೇ ಹೇಳಲಾಗದು. ಒಂದು ಮರಕ್ಕೆ ಅರ್ಧ ದಿನ ಹೋಗುತ್ತದೆ. ಹಾಗಾಗಿ ಮೊದಲ ವರ್ಷ ಎಲ್ಲ ಮರಗಳ ಎಲೆ ತಂದೆ, ಕೆಲವೇ ಮರಗಳ ಬೇರು ತಂದೆ. ಉಳಿದ ಬೇರುಗಳ ಗುಣವನ್ನು ಎಲೆಯಿಂದ ಅಂದಾಜು ಮಾಡಬಹುದು ಅಂತ ಯೋಜನೆ ಬರೆದೆ. ದೊಡ್ಡ ತಪ್ಪು ಅಂದೆನಲ್ಲ, ಅದು ಇದೇ.

ಎಡವಿದ್ದು ಕೇದಗೆಯ ಬಳಗದ ಮುಂಡಿಗೆಯಲ್ಲಿ. ಜಡ್ಡಿಯ ಅಂಚಲ್ಲಿ ಪೊದೆಪೊದೆಯಾಗಿ ಬೆಳೆಯುತ್ತದೆ. ಅದರ ಎಲೆ ಉದ್ದ, ನಾರುನಾರು, ಅಂಚಿಗೆ ಮುಳ್ಳು. ಕೈಯಲ್ಲಿ ಹರಿಯಲು ಆಗುವುದಿಲ್ಲ. ನಿಧಾನದ ಎಲೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಬೇರೂ ಸಾಂದ್ರವಾಗಿ ಇರಬೇಕು ಅಂತ ಕಾದೆ. ಬಂದ ಲೆಕ್ಕ ತಿರುಗಮುರುಗ. ಗಾತ್ರಕ್ಕೆ ಹೋಲಿಸಿದರೆ ತೂಕವೇ ಇಲ್ಲ. ಪುಸ್ತಕದ ಪ್ರಕಾರ ಅದು ಅಗ್ಗದ, ಬೇಗ ಸಾಯುವ ಬೇರು. ತಕ್ಕಡಿ ಕೆಟ್ಟಿದೆ ಅಂತ ಎರಡು ಸಲ ತೂಗಿದೆ.

ಆಮೇಲೆ ಒಂದು ಬೇರನ್ನು ಬ್ಲೇಡಿನಿಂದ ಅಡ್ಡ ಕೊಯ್ದು ಸೂಕ್ಷ್ಮದರ್ಶಕದಲ್ಲಿಟ್ಟೆ. ನಡುವೆ ಗಟ್ಟಿ ತಿರುಳು. ಸುತ್ತ ಖಾಲಿ ಖಾಲಿ ಕೋಣೆಗಳು, ಅವುಗಳ ನಡುವೆ ಕೊಡೆಯ ಕಡ್ಡಿಯಂತೆ ತೆಳು ಗೋಡೆಗಳು. ತಾವರೆ ದಂಟನ್ನು ಮುರಿದರೆ ತೂತುಗಳು ಕಾಣುತ್ತವಲ್ಲ, ಅದೇ ಉಪಾಯ. ಗದ್ದೆಯ ಭತ್ತದ ಬೇರಲ್ಲೂ ಇದೇ ಇದೆ. ಏರೆಂಕೈಮ ಅಂತ ಅದರ ಹೆಸರು. ಮೇಲಿನ ಗಾಳಿ ಬೇರಿನ ತುದಿಗೆ ಇಳಿಯುವ ಓಣಿ ಅದು. ನಾನು ತೂಕವನ್ನು ಗಾತ್ರದಿಂದ ಭಾಗಿಸುವಾಗ ಆ ಗಾಳಿಯನ್ನೂ ಗಾತ್ರಕ್ಕೆ ಸೇರಿಸಿದ್ದೆ. ಬೇರು ಹಗುರವಾಗಿದ್ದು ಚುರುಕಿನಿಂದ ಅಲ್ಲ, ಉಸಿರಿಗಾಗಿ. ಒಣ ನೆಲದಲ್ಲಿ ಒಂದು ಅರ್ಥ ಕೊಡುವ ಸಂಖ್ಯೆ ಜೌಗಿನಲ್ಲಿ ಬೇರೆಯದೇ ಅರ್ಥ ಕೊಡುತ್ತದೆ. ಅಣ್ಣ ಮೊದಲ ದಿನ ಹೇಳಿದ ಮಾತು ಆಗ ನೆನಪಾಯಿತು.

ಮೊದಲು ಹೇಳಿದ ಕಿತ್ತಳೆ ಪದರದ ಕಥೆಯೂ ಇದಕ್ಕೇ ಸೇರಿದ್ದು. ನಮ್ಮ ಘಟ್ಟದ ಕೆಂಪು ಮಣ್ಣಲ್ಲಿ ಕಬ್ಬಿಣ ಜಾಸ್ತಿ. ನೀರು ನಿಂತು ಗಾಳಿ ತೀರಿದಾಗ ಬ್ಯಾಕ್ಟೀರಿಯಾಗಳು ಆ ಕಬ್ಬಿಣವನ್ನು ಕರಗುವ ರೂಪಕ್ಕೆ ತರುತ್ತವೆ. ಆ ರೂಪ ಅತಿಯಾದರೆ ಬೇರಿಗೆ ವಿಷ. ಬೇರಿನ ಒಳಗಿನ ಗಾಳಿ ಸ್ವಲ್ಪ ಸ್ವಲ್ಪ ಹೊರಗೆ ಸೋರುತ್ತದೆ. ಅದು ತಾಗಿದ ಕಡೆ ಕಬ್ಬಿಣ ತುಕ್ಕಾಗಿ ಬೇರಿನ ಮೈಗೇ ಕೂರುತ್ತದೆ. ಅಂದರೆ ನಾನು ಮಣ್ಣು ಅಂದುಕೊಂಡಿದ್ದು ಬೇರು ಉಸಿರಾಡಿದ ಗುರುತು! ತೂಕಕ್ಕೆ ಮಾತ್ರ ಅದು ಮೋಸ. ಕಬ್ಬಿಣದ ಭಾರ ಸೇರಿ ನನ್ನ ಎಸ್‌ಆರ್‌ಎಲ್ ಎಲ್ಲವೂ ಕಡಿಮೆ ಬಂದಿತ್ತು. ಈಗ ತೂಗಿದ ಬೇರನ್ನು 550 ಡಿಗ್ರಿಯಲ್ಲಿ ಸುಟ್ಟು, ಉಳಿದ ಬೂದಿಯ ತೂಕ ಕಳೆಯುತ್ತೇವೆ. ಗಾಳಿಯ ಪಾಲು ತಿಳಿಯಲು ಬೇರನ್ನು ನೀರಲ್ಲಿಟ್ಟು, ವ್ಯಾಕ್ಯೂಮ್ ಪಂಪಿನಿಂದ ಒಳಗಿನ ಗಾಳಿ ತೆಗೆದು, ಮೊದಲು ಮತ್ತು ಆಮೇಲೆ ತೂಗುತ್ತೇವೆ.

ಇಷ್ಟಾದ ಮೇಲೆ ರಾಂಪತ್ರೆ ಬಳಗದ ಬೇರಿನ ಬಗ್ಗೆಯೂ ಅವಸರದ ತೀರ್ಮಾನ ಮಾಡಬಾರದು ಅನ್ನಿಸಿತು. ಇವುಗಳ ತುದಿಬೇರು ದಪ್ಪ. ಜೌಗಿನಿಂದಾಗಿ ದಪ್ಪ ಅಂತ ಬರೆಯುವುದರಲ್ಲಿದ್ದೆ. ಆದರೆ ಸಂಪಿಗೆಯೂ ಸೇರಿದ ಈ ಹಳೆಯ ವಂಶದ ಮರಗಳಿಗೆ ದಪ್ಪ ಬೇರು ಹುಟ್ಟಿನಿಂದ ಬಂದದ್ದು, ಒಣ ಗುಡ್ಡದಲ್ಲೂ ಹಾಗೇ. ದಪ್ಪ ಬೇರಿನವು ಮಣ್ಣಲ್ಲಿ ತಾವೇ ದೂರ ಹುಡುಕುವ ಬದಲು ಶಿಲೀಂಧ್ರಗಳಿಗೆ ಸಕ್ಕರೆ ಕೊಟ್ಟು ಅವುಗಳಿಂದ ರಂಜಕ ತರಿಸಿಕೊಳ್ಳುತ್ತವೆ. 2020 ರಲ್ಲಿ ಜೊವಾನಾ ಬರ್ಗ್‌ಮನ್ ಮತ್ತು ಸಂಗಡಿಗರು 1,810 ಜಾತಿಗಳನ್ನು ಹೋಲಿಸಿ ಇದನ್ನು ವಿವರಿಸಿದರು. ಬೇರಿಗೆ ಚುರುಕು–ನಿಧಾನ ಅನ್ನುವ ಒಂದು ದಾರಿ ಇದ್ದರೆ, ತಾನೇ ಮಾಡುವುದು–ಶಿಲೀಂಧ್ರದಿಂದ ಮಾಡಿಸುವುದು ಅನ್ನುವ ಇನ್ನೊಂದು ದಾರಿ ಇದೆ. ಎಲೆಯಲ್ಲಿ ಈ ಎರಡನೆಯ ದಾರಿಗೆ ಜೋಡಿಯೇ ಇಲ್ಲ. 2021 ರಲ್ಲಿ ಕಾರ್ಲೋಸ್ ಕಾರ್ಮೋನಾ ಮತ್ತು ಸಂಗಡಿಗರು ಜಗತ್ತಿನ ಗಿಡಗಳ ಮಾಹಿತಿ ಸೇರಿಸಿ ನೋಡಿದಾಗಲೂ, ನೆಲದ ಮೇಲಿನ ಗುಣಗಳಿಂದ ಸಣ್ಣ ಬೇರುಗಳ ಗುಣಗಳನ್ನು ಹೇಳಲು ಬಹುತೇಕ ಆಗುವುದಿಲ್ಲ ಅಂತ ಕಂಡಿತು. ಅದನ್ನು ಓದಿದ ರಾತ್ರಿ ನಾನು ಯೋಜನೆಯ ಆ ಪುಟವನ್ನು ಹೊಡೆದುಹಾಕಿದೆ.

ಎಲೆಯನ್ನೂ ನಾನು ಸರಿಯಾಗಿ ತಂದಿರಲಿಲ್ಲ. ಕೈಗೆಟುಕುವ ಕೆಳಗಿನ ಕೊಂಬೆಯಿಂದ ಕಿತ್ತಿದ್ದೆ. ಕತ್ತಲಲ್ಲಿ ಬೆಳೆದ ಎಲೆ ಅಗಲ, ತೆಳು. ಅದೇ ಮರದ ತುದಿಯಲ್ಲಿ ಬಿಸಿಲು ಕಂಡ ಎಲೆ ದಪ್ಪ. ಎಲೆ ಮುಖ್ಯವಾಗಿ ಬೆಳಕಿಗೆ ತಕ್ಕ ಹಾಗೆ ಬದಲಾಗುತ್ತದೆ, ಬೇರು ನೀರು–ಗಾಳಿಗೆ ತಕ್ಕ ಹಾಗೆ. ಒಂದೇ ಮರದ ಎರಡು ತುದಿಗಳು ಬೇರೆ ಬೇರೆ ಲೋಕದಲ್ಲಿವೆ. ಎರಡೂ ಒಂದೇ ಮಾತು ಆಡಬೇಕು ಅಂತ ನಾನು ಯಾಕೆ ಬಯಸಿದೆನೋ.

ಈಗ ಎಲೆ ತಂದ ಮರದಿಂದಲೇ ಬೇರನ್ನೂ ತರುತ್ತೇವೆ. ಎಲೆ ಎಷ್ಟು ಎತ್ತರದ್ದು, ಬೆಳಕು ಎಷ್ಟು, ಆ ದಿನ ಬುಡದಲ್ಲಿ ನೀರು ಎಷ್ಟು ಆಳ, ಇದನ್ನೆಲ್ಲ ಅಲ್ಲೇ ನಿಂತು ಬರೆಯುತ್ತೇವೆ. ಮರಗಳ ಸಂಖ್ಯೆ ಅರ್ಧಕ್ಕಿಂತ ಕಡಿಮೆ ಆಗಿದೆ. ಅದರ ಬಗ್ಗೆ ನನಗೆ ಬೇಸರ ಇಲ್ಲ. ಅಪರೂಪದ ಮರಗಳಿಂದ ಒಂದೆರಡು ಕವಲು ಮಾತ್ರ ತೆಗೆದು ಮತ್ತೆ ಕೆಸರು ಮುಚ್ಚಿ ಬರುತ್ತೇವೆ. ಸೆಮಿಕಾರ್ಪಸ್‌ನ ಬೇರನ್ನು ಮುಟ್ಟಿಲ್ಲ. ಅಷ್ಟು ಕಡಿಮೆ ಉಳಿದಿರುವ ಮರದ ಬೇರು ನನ್ನ ಕೋಷ್ಟಕಕ್ಕೆ ಬೇಡ.

ಹೋದ ತಿಂಗಳು ಜಡ್ಡಿಯ ಕೆಳತುದಿಗೆ ಹೋಗಿದ್ದೆವು. ಅಲ್ಲಿ ಯಾವತ್ತೋ ತೋಟಕ್ಕೆ ನೀರು ತಿರುಗಿಸಲು ಕಾಲುವೆ ತೋಡಿದ್ದಾರೆ. ಕೆಸರು ಗಟ್ಟಿಯಾಗಿ ಬಿರುಕು ಬಿಟ್ಟಿದೆ. ಒಂದು ಜಿಮ್ನಾಕ್ರಾಂಥೆರದ ಮೊಣಕಾಲುಗಳು ಒಣ ನೆಲದ ಮೇಲೆ ಸುಮ್ನೆ ನಿಂತಿದ್ದವು, ಕೆಲವು ಒಳಗೆ ಪೊಳ್ಳಾಗಿದ್ದವು. ತಲೆಯೆತ್ತಿ ನೋಡಿದರೆ ಎಲೆ ಹಸಿರಾಗಿಯೇ ಇತ್ತು. ಅಣ್ಣ ಬಹಳ ಹೊತ್ತು ಮೇಲೆ ನೋಡಲಿಲ್ಲ, ಬುಡದಲ್ಲೇ ಕೂತಿದ್ದರು. ಆ ಮರದಿಂದ ನಾಲ್ಕು ಎಲೆ, ಒಂದು ಕವಲು ಬೇರು ತಂದಿದ್ದೇವೆ. ಎಲೆ ತೂಗಿ ಆಯಿತು. ಬೇರು ಇನ್ನೂ ತೊಳೆಯಬೇಕು.