ಕಾಗಲ್‌ನ ಭಟ್ಟಿಗಳ ಮುಂದೆ

ಬೆಳಗಾವಿ ಬಿಟ್ಟು ಸಂಕೇಶ್ವರ, ತವಂದಿ ಘಾಟು, ನಿಪ್ಪಾಣಿ ದಾಟಿ ದೂಧಗಂಗೆಯ ಆಚೆ ಹೋದರೆ ಮಹಾರಾಷ್ಟ್ರದ ಕಾಗಲ್. ಬೋರ್ಡುಗಳ ಲಿಪಿ ಬದಲಾಗುತ್ತದೆ, ಮಾತು ಅಷ್ಟು ಬೇಗ ಬದಲಾಗುವುದಿಲ್ಲ. ಇಲ್ಲಿಂದ ಗೋಕುಳ ಶಿರಗಾಂವ, ಶಿರೋಳಿವರೆಗೆ ಎಂಐಡಿಸಿಗಳ (ಸರ್ಕಾರಿ ಕೈಗಾರಿಕಾ ವಸಾಹತುಗಳ) ತುಂಬ ಲೋಹ ಎರಕ ಹೊಯ್ಯುವ ಫೌಂಡ್ರಿಗಳು. ಬೀಡಿನ, ಅಂದರೆ ಎರಕದ ಕಬ್ಬಿಣದ, ಕೆಲಸ ಕಲಿಯಬೇಕೆನ್ನುವವರು ಒಮ್ಮೆಯಾದರೂ ಈ ಕಡೆ ಬರಬೇಕು.

ನಾವು ಹೊರಟದ್ದಕ್ಕೆ ಕಾರಣವಿತ್ತು. ಬೆಳಗಾವಿ ಉದ್ಯಮಬಾಗದ ನಮ್ಮ ಮಷಿನ್ ಶಾಪಿಗೆ ಬಂದಿದ್ದ ಬೀಡಿನ ಬೆಡ್‌ಗಳು (ಯಂತ್ರ ಕೂರುವ ಅಡಿಭಾಗಗಳು) ಪ್ಲೇನಿಂಗ್, ಅಂದರೆ ಮೇಲ್ಮೈ ಕೆತ್ತಿ ಸಮ ಮಾಡುವ ಕೆಲಸ, ಮುಗಿದಾಗ ನೆಟ್ಟಗಿದ್ದವು; ಕೆಲವು ವಾರ ಕಳೆಯುವುದರಲ್ಲಿ ನಡು ಬಾಗಿತ್ತು. ಹೊಯ್ದವರು ಒಳಗಿನ ಒತ್ತಡ ಇಳಿಸದೆ ಕಳಿಸಿದ್ದರು. ಇದು ಉಳಿತಾಯವಲ್ಲ, ಗಿರಾಕಿಯ ತಲೆಗೆ ಖರ್ಚು ಕಟ್ಟುವ ಕೆಲಸ.

ಹೀಟ್ ಟ್ರೀಟ್‌ಮೆಂಟ್ ಶಾಪಿನಲ್ಲಿ ಭಟ್ಟಿ ನೋಡಿಕೊಳ್ಳುವವರು ಗಡಹಿಂಗ್ಲಜ ಕಡೆಯ ಹಿರಿಯರು, ಮನೆಮಾತು ಕನ್ನಡ. ಎಲ್ಲರಿಗೂ ಅವರು ಕಾಕಾ. ಎರಕದ ತೆಳು ಭಾಗ ಮೊದಲು ಆರಿ ಬಿಗಿಯುತ್ತದೆ, ದಪ್ಪ ಭಾಗ ಹಿಂದಿನಿಂದ ಕುಗ್ಗುತ್ತ ಅದನ್ನು ಎಳೆಯುತ್ತದೆ. ಆ ಎಳೆತ ಲೋಹದೊಳಗೇ ಉಳಿದಿರುತ್ತದೆ. ಮೇಲಿನ ಪದರ ಕೆತ್ತಿದ ಮೇಲೆ ಆ ಎಳೆತದ ಸಮತೋಲ ತಪ್ಪಿ ಬೆಡ್ ಬರಬರುತ್ತ ಬಾಗುತ್ತದೆ. ಅದಕ್ಕೇ 550ರಿಂದ 600 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿ, ದಪ್ಪದ ಇಂಚಿಗೆ ಒಂದು ತಾಸಿನ ಲೆಕ್ಕದಲ್ಲಿ ಹಿಡಿದು, ಭಟ್ಟಿಯೊಳಗೇ ಆರಲು ಬಿಡುತ್ತಾರೆ. ಇದಕ್ಕಿಂತ ಮೇಲೆ ಹೋದರೆ ಪರ್ಲೈಟ್, ಅಂದರೆ ಬೀಡಿಗೆ ಗಡಸು ಕೊಡುವ ಪದರಪದರದ ರಚನೆ, ಒಡೆಯಲು ಶುರುವಾಗಿ ಗಡಸುತನ ಇಳಿಯುತ್ತದೆ.

"ಕಾಸೂದು ಯಾರಿಗೂ ಬರ್ತೈತ್ರೀ ಸರ, ಆರ್ಸೂದು ನೋಡ್ಬೇಕು. ಬಾಗಲಾ ಲಗೂ ತಗದ್ರ ಅದ ಒತ್ತಡ ಹೊಳ್ಳಿ ಬಂದು ಕುಂಡ್ರತೈತಿ" ಅಂದರು ಕಾಕಾ.

ಪಕ್ಕದ ಲ್ಯಾಬಿನಲ್ಲಿ ನಾನು ಬಹಳ ಹೊತ್ತು ಕುಳಿತೆ. ಕನ್ನಡಿಯಂತೆ ಪಾಲಿಶ್ ಮಾಡಿದ ಬೀಡಿನ ತುಂಡನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟಾಗ ಮೊದಲು ಕಾಣುವುದು ಗ್ರಾಫೈಟ್ ಮಾತ್ರ. ಗ್ರೇ ಐರನ್‌ನಲ್ಲಿ, ಅಂದರೆ ಸಾಮಾನ್ಯ ಬೀಡಿನಲ್ಲಿ, ಕತ್ತರಿಸಿದ ಉಗುರಿನ ಚೂರುಗಳ ಹಾಗೆ ಕಪ್ಪು ಬಾಗುಗಳು. ಎಸ್‌ಜಿ (ಸ್ಫೆರಾಯ್ಡಲ್ ಗ್ರಾಫೈಟ್) ಐರನ್‌ನಲ್ಲಿ ದುಂಡು ಕಾಳುಗಳು. ಆಮೇಲೆ ಲ್ಯಾಬಿನ ಹುಡುಗಿ ನೈಟಾಲ್ (ನೈಟ್ರಿಕ್ ಆಮ್ಲ ಬೆರೆಸಿದ ಆಲ್ಕೋಹಾಲ್) ಸವರಿ, ತೊಳೆದು, ಒಣಗಿಸಿ ಮತ್ತೆ ಇಟ್ಟಳು. ಈಗ ಬುಡದ ಲೋಹ ಕಣ್ಣಿಗೆ ಬಿತ್ತು: ಪ್ರತಿ ಕಾಳಿನ ಸುತ್ತ ಫೆರೈಟ್‌ನ (ಇಂಗಾಲ ತೀರ ಕಡಿಮೆಯಿರುವ ಮೆತ್ತನೆಯ ಕಬ್ಬಿಣದ) ಬಿಳಿ ಉಂಗುರ, ಅದರಾಚೆ ಗೆರೆಗೆರೆಯ ಕಡುಬಣ್ಣದ ಪರ್ಲೈಟ್. ಅದು 500/7 ದರ್ಜೆ. ಕರ್ಷಣ ಬಲ ಕನಿಷ್ಠ 500 ಮೆಗಾಪ್ಯಾಸ್ಕಲ್, ಹಿಗ್ಗುವಿಕೆ ಕನಿಷ್ಠ ಶೇ. 7.

ಅದೇ ಎರಕದ ಇನ್ನೊಂದು ತುಂಡು ಅನೀಲಿಂಗ್ ಆಗಿ ಬಂದಿತ್ತು. 900 ಡಿಗ್ರಿಯ ಆಸುಪಾಸು ಹಿಡಿದು ಸಾವಕಾಶ ಆರಿಸಿದ್ದರಿಂದ ಪರ್ಲೈಟ್‌ನ ಇಂಗಾಲ ಕಾಳುಗಳಿಗೆ ಹೋಗಿ ಸೇರಿಕೊಂಡು, ಉಳಿದದ್ದೆಲ್ಲ ಬೆಳ್ಳಗಿನ ಫೆರೈಟ್. ಬಲ 400ಕ್ಕೆ ಇಳಿದರೂ ಹಿಗ್ಗುವಿಕೆ 15ಕ್ಕೆ ಏರುತ್ತದೆ. ಅಷ್ಟೇ ಬಿಸಿಗೆ ಏರಿಸಿ ಗಾಳಿಯಲ್ಲಿ ಆರಿಸಿದರೆ, ಅಂದರೆ ನಾರ್ಮಲೈಸ್ ಮಾಡಿದರೆ, ಪರ್ಲೈಟ್ ಹೆಚ್ಚಿ 700/2ರ ಕಡೆ ಹೋಗುತ್ತದೆ. ಹೊಯ್ದದ್ದು ಒಂದೇ ಲೋಹ, ಆರಿಸಿದ ರೀತಿ ಬೇರೆ. ಇದನ್ನು ಕಣ್ಣಾರೆ ಕಂಡ ಮೇಲೆ ಡ್ರಾಯಿಂಗಿನಲ್ಲಿ ಬರೀ 'ಬೀಡು' ಎಂದು ಬರೆದು ಸುಮ್ಮನಿರಲು ಮನಸ್ಸು ಒಪ್ಪುವುದಿಲ್ಲ.

ಗ್ರೇ ಐರನ್‌ನ ಚೂರುಗಳನ್ನು ಕಾಸಿ ಕಾಳು ಮಾಡಬಹುದೇ ಎಂದು ಕೇಳಿದೆ. ಆಗದು. ಚೂರಿನ ಆಕಾರ ಲೋಹ ಗಟ್ಟಿಯಾಗುವಾಗಲೇ ನಿಶ್ಚಯ. ಬಿರುಕು ಹುಟ್ಟುವುದೂ ಆ ಚೂರಿನ ಮೊನೆಯಲ್ಲೇ. ಕಾಳು ಬೇಕಿದ್ದರೆ ಕರಗಿದ ಲೋಹಕ್ಕೇ ಮೆಗ್ನೀಸಿಯಂ ಕೊಡಬೇಕು. ವೈಟ್ ಐರನ್ ಬೇರೆ ಮಾತು. ಅದರಲ್ಲಿ ಇಂಗಾಲ ಸಿಮೆಂಟೈಟ್ ಎಂಬ ಗಡಸು ಸಂಯುಕ್ತವಾಗಿ ಕೂತಿರುತ್ತದೆ; ಅದನ್ನು ತಾಸುಗಟ್ಟಲೆ ಕಾಸಿ ಒಡೆದರೆ ಗ್ರಾಫೈಟ್ ಗೊಂಚಲಾಗಿ ಕೂಡುತ್ತದೆ. ಮ್ಯಾಲಿಯಬಲ್ ಐರನ್ ಆಗುವುದು ಹೀಗೆ.

ನನ್ನ ಆಸೆಯಿದ್ದದ್ದು ಆಸ್ಟೆಂಪರಿಂಗ್ ಮೇಲೆ. ಎಸ್‌ಜಿ ಐರನ್‌ನ ಗೇರ್‌ಗಳನ್ನು 900ಕ್ಕೆ ಕಾಸಿ, ಕರಗಿದ ನೈಟ್ರೇಟ್ ಉಪ್ಪಿನ ಹೊಂಡದಲ್ಲಿ 250ರಿಂದ 400 ಡಿಗ್ರಿಯ ನಡುವೆ ಹಿಡಿಯುತ್ತಾರೆ. ಹೊಂಡ 370ರ ಸುಮಾರಿದ್ದರೆ ತಾಳಿಕೆ ಹೆಚ್ಚು, 260ರ ಸುಮಾರಿದ್ದರೆ ಗಡಸು ಹೆಚ್ಚು, ಬಲ 1400 ಮೆಗಾಪ್ಯಾಸ್ಕಲ್ ಮುಟ್ಟಬಲ್ಲದು. ಆಮೇಲೆ ಅದನ್ನು ಕೊರೆಯುವುದು ಟೂಲಿಗೆ ಬಲು ಕಷ್ಟ. ಹಾಗಾಗಿ ಹಲ್ಲು ಮೊದಲೇ ಕತ್ತರಿಸಿ, ಹೊಂಡದಲ್ಲಿ ತುಸು ಬೆಳೆಯುವ ಅಳತೆಗೆ ಜಾಗ ಬಿಟ್ಟು ಕಳಿಸಬೇಕು.