ರಜೆಗೆ ಫೀ ಕೇಳುವ ಸೈನ್ಯ ಎಲ್ಲೂ ಇಲ್ಲ

ನಮ್ಮ ಚಿಕ್ಕಮ್ಮನಿಗೆ ಫೇಸ್‌ಬುಕ್‌ನಲ್ಲಿ ಒಬ್ಬರ ಪರಿಚಯವಾಗಿತ್ತು. ಅಮೆರಿಕದ ಸೈನ್ಯದಲ್ಲಿ ಡಾಕ್ಟರಂತೆ, ಸಿರಿಯಾದಲ್ಲಿ ಡ್ಯೂಟಿಯಂತೆ. ಹೆಂಡತಿ ತೀರಿಕೊಂಡಿದ್ದಾಳೆ, ಹಾಸ್ಟೆಲಿನಲ್ಲಿ ಒಬ್ಬಳು ಮಗಳು. ಚಿಕ್ಕಮ್ಮನೇ ಫೋನು ಕೊಟ್ಟು ಓದು ಅಂದರು. ದಿನಾ ಬೆಳಿಗ್ಗೆ ಒಂದು ಮೆಸೇಜು: ತಿಂಡಿ ಆಯ್ತಾ, ಬಿಪಿ ಮಾತ್ರೆ ತಗೊಂಡ್ರಾ? ಚಿಕ್ಕಪ್ಪ ಹೋದ ಮೇಲೆ ಅವರನ್ನು ಹೀಗೆ ವಿಚಾರಿಸುವವರು ಯಾರೂ ಇರಲಿಲ್ಲ. ಈ ಮೋಸ ನಡೆಯೋದೇ ಇಂಥ ಜಾಗದಲ್ಲಿ. ದಡ್ಡರು ಮಾತ್ರ ಮೋಸ ಹೋಗ್ತಾರೆ ಅನ್ನೋದು ಸುಳ್ಳು.

ಕೊನೆಗೆ ರಜೆಯ ಮಾತು ಬಂತು. ರಜೆ ಮಂಜೂರಾಗಬೇಕಾದರೆ ಮದುವೆಯಾಗುವ ಹೆಂಗಸು ಅರ್ಜಿ ಹಾಕಿ ಫೀ ಕಟ್ಟಬೇಕಂತೆ. ನಮ್ಮ ಸೋಮವಾರಪೇಟೆ ಕಡೆ ಮಿಲಿಟರಿಯವರಿಗೆ ಬರವಿಲ್ಲ. "ಚಿಕ್ಕಮ್ಮ, ನಮ್ಮೂರಿನ ಹುಡುಗರು ಯಾರಾದ್ರೂ ರಜೆಗೆ ಅಂತ ಮನೆಯಿಂದ ದುಡ್ಡು ತರಿಸಿಕೊಂಡಿದ್ದಾರಾ?" ಅಂತ ಕೇಳಿದೆ. ಅವರು ಸುಮ್ಮನಾದರು.

ಅಮೆರಿಕದ ಸೈನ್ಯದಲ್ಲೂ ಅಷ್ಟೇ. ರಜೆಗೆ ಯಾರೂ ಫೀ ಕಟ್ಟಬೇಕಿಲ್ಲ. ಚಿಕಿತ್ಸೆಗೆ ಅಂತ ದುಡ್ಡು ಕೇಳಿದರೂ ಸುಳ್ಳೇ, ಸೈನಿಕರ ಚಿಕಿತ್ಸೆಯ ಖರ್ಚು ಸರ್ಕಾರದ್ದು. ಅಲ್ಲಿನ ಸೈನ್ಯದ ತನಿಖಾ ವಿಭಾಗ ಸಿಐಡಿ ಇದನ್ನು ವರ್ಷಗಳಿಂದ ಹೇಳುತ್ತಲೇ ಇದೆ. ಅಲ್ಲಿನ ಸೈನಿಕರ ಅಧಿಕೃತ ಇಮೇಲ್ 'ಡಾಟ್ ಮಿಲ್' ಅಂತ ಮುಗಿಯುತ್ತದೆ, ಜಿಮೇಲ್ ಅಂತಲ್ಲ. ಫೋಟೋ ಮಾತ್ರ ಎಷ್ಟೋ ಸಲ ನಿಜವಾದ ಸೈನಿಕರದ್ದೇ. ತಮ್ಮ ಮುಖ ಹೀಗೆ ಬಳಕೆಯಾಗುತ್ತಿರುವುದು ಪಾಪ ಅವರಿಗೆ ಗೊತ್ತೇ ಇರುವುದಿಲ್ಲ. ಆ ಫೋಟೋವನ್ನು, ಚಿತ್ರ ಕೊಟ್ಟು ಹುಡುಕುವ ಗೂಗಲ್ ಲೆನ್ಸ್‌ಗೆ ಹಾಕಿದರೆ ಅದೇ ಮುಖ ಬೇರೆ ಹೆಸರಲ್ಲಿ ಸಿಗಬಹುದು. ಸಿಗಲಿಲ್ಲ ಅಂದಮಾತ್ರಕ್ಕೆ ನಂಬಬೇಡಿ.

ನಮ್ಮ ದೇಶದವರಿಗೆ ಜಾಸ್ತಿ ಹಾಕುವ ಗಾಳ ಪಾರ್ಸೆಲ್‌ದು. ವಾಚು, ಐಫೋನು, ಡಾಲರು ಕಳಿಸಿದ್ದೇನೆ ಅಂತಾರೆ. ಆಮೇಲೆ 'ದೆಹಲಿ ಏರ್‌ಪೋರ್ಟ್ ಕಸ್ಟಮ್ಸ್' ಅಂತ ಒಂದು ಫೋನು ಬರುತ್ತದೆ. ಮೊದಲು ಸುಂಕ, ಆಮೇಲೆ ದಂಡ, ಕಟ್ಟದಿದ್ದರೆ ಅರೆಸ್ಟು! ದುಡ್ಡು ಹಾಕಬೇಕಾದದ್ದು ಮಾತ್ರ ಯಾವುದೋ ಒಬ್ಬ ವ್ಯಕ್ತಿಯ ಖಾತೆಗೆ. ಕಸ್ಟಮ್ಸ್ ಹಾಗೆ ಸುಂಕ ವಸೂಲಿ ಮಾಡುವುದಿಲ್ಲ. ಅವರ ಪತ್ರಗಳಲ್ಲಿ ಡಿನ್ ಅನ್ನೋ ಗುರುತಿನ ಸಂಖ್ಯೆ ಇರುತ್ತದೆ, ಅದು ಅಸಲಿಯೋ ಅಂತ ಕಸ್ಟಮ್ಸ್ ನೋಡಿಕೊಳ್ಳುವ ಕೇಂದ್ರ ಮಂಡಳಿ ಸಿಬಿಐಸಿಯ ವೆಬ್‌ಸೈಟಿನಲ್ಲಿ ನೋಡಬಹುದು.

ದುಡ್ಡು ಈಗಾಗಲೇ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು. ನಾಚಿಕೆಯಿಂದ ಚಾಟ್ ಅಳಿಸಬೇಡಿ, ಸಾಕ್ಷಿ ಇರೋದೇ ಅದರಲ್ಲಿ. ಮನೆಯವರು ದಯವಿಟ್ಟು ಬೈಯಬೇಡಿ. ಬೈದರೆ ಮುಂದಿನದ್ದನ್ನು ಅವರು ಮುಚ್ಚಿಡ್ತಾರೆ. ಸ್ವಲ್ಪ ದಿನ ಬಿಟ್ಟು ಕಳೆದ ದುಡ್ಡು ವಾಪಸ್ ಕೊಡಿಸ್ತೀವಿ ಅಂತ ಇನ್ಯಾರೋ ಫೋನ್ ಮಾಡಬಹುದು. ಅವರೂ ಫೀ ಕೇಳ್ತಾರೆ. ಅದಕ್ಕೂ ಒಂದು ಪೈಸೆ ಕೊಡಬೇಡಿ.